ಹೆರಿಗೆ ರಜೆ ಮುಗೀತಾ ಬಂತು, ಎದೆಹಾಲು ಮುಂದುವರಿಸಬೇಕು: ಪಂಪ್, ಫ್ರಿಜ್, ಒಳಲೆ ಲೆಕ್ಕ ಹೇಳಿ

ಸಂಪಿಗೆಮರ
ಕೂಸಿಗೆ ಐದು ತಿಂಗಳು. ಇಲ್ಲಿಯವರೆಗೆ ಬರೀ ಎದೆಹಾಲು, ನೀರೂ ಕೊಟ್ಟಿಲ್ಲ. ಎರಡು ವರ್ಷದ ತನಕ ಕುಡಿಸಲೇಬೇಕು ಅನ್ನೋದು ನನ್ನ ಹಠ. ಆದರೆ ಇನ್ನು ಸ್ವಲ್ಪ ದಿನಕ್ಕೆ ಆಫೀಸು ಶುರು. ಬೆಳಿಗ್ಗೆ 9ಕ್ಕೆ ಮನೆ ಬಿಟ್ಟರೆ ಬೆಂಗಳೂರಿನ ಟ್ರಾಫಿಕ್ ದಯೆಯಿಂದ ಸಂಜೆ 7ಕ್ಕೆ ವಾಪಸ್. "ಈಗಿಂದಲೇ ಡಬ್ಬಿ ಹಾಲು ಅಭ್ಯಾಸ ಮಾಡ್ಸು" ಅಂತ ಸುತ್ತ ಇರೋರೆಲ್ಲ ಹೇಳ್ತಿದ್ದಾರೆ.

ದಯವಿಟ್ಟು ಎದೆಹಾಲು ಅಮೃತ ಅನ್ನೋ ಪ್ರವಚನ ಬೇಡ, ಅದನ್ನ ಒಪ್ಪಿಕೊಂಡೇ ಬಂದಿದೀನಿ. ಎಷ್ಟು ಹಾಲು ಬಿಟ್ಟು ಹೋಗಬೇಕು? ಆಫೀಸಲ್ಲಿ ಎಷ್ಟು ಸಲ ತೆಗೀಬೇಕು? ಯಾವ ಪಂಪು? ಫ್ರಿಜ್ಜಲ್ಲಿ ಎಷ್ಟು ದಿನ ಇರುತ್ತೆ, ಕರೆಂಟ್ ಹೋದ್ರೆ ಏನು? ಇನ್ನೊಂದು, ಅತ್ತೆ ಬಾಟ್ಲಿ ಬೇಡವೇ ಬೇಡ, ಒಳಲೆಯಲ್ಲೇ (ಮೂತಿ ಇರೋ ಪುಟ್ಟ ಬಟ್ಟಲು) ಕುಡಿಸ್ತೀನಿ ಅಂತಿದ್ದಾರೆ. ಐದು ತಿಂಗಳ ಮಗುವಿಗೆ ಆಗುತ್ತಾ?

ಲೆಕ್ಕದ_ಲಲಿತಾ
ಮೊದಲು ಪ್ರಮಾಣ. ಒಂದರಿಂದ ಆರು ತಿಂಗಳವರೆಗೆ ಕೂಸು ದಿನಕ್ಕೆ ಕುಡಿಯೋದು ಸರಾಸರಿ 750ರಿಂದ 800 ಮಿ.ಲೀ. ಡಬ್ಬಿ ಹಾಲಿನ ಥರ ತೂಕ ಹೆಚ್ಚಿದಂಗೆಲ್ಲ ಇದು ಏರ್ತಾ ಹೋಗಲ್ಲ, ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತೆ. 24 ಗಂಟೆಗೆ ಹಂಚಿದರೆ ಗಂಟೆಗೆ 30 ಚಿಲ್ಲರೆ. ನೀವು 10 ಗಂಟೆ ಹೊರಗಿದ್ರೆ 300ರಿಂದ 400 ಮಿ.ಲೀ. ಸಾಕು. ಅದನ್ನ 60–90ರ ಭಾಗ ಮಾಡಿಡಿ. 180ರ ಬಾಟ್ಲಿ ತುಂಬಿಟ್ಟರೆ ಮಗು ಅರ್ಧ ಬಿಡುತ್ತೆ, ಎಂಜಲಾದ ಹಾಲು ಎರಡು ಗಂಟೆಯೊಳಗೆ ಮುಗೀಲಿಲ್ಲ ಅಂದ್ರೆ ಚೆಲ್ಲಬೇಕು. ಕಷ್ಟಪಟ್ಟು ತೆಗೆದದ್ದನ್ನ ಸಿಂಕಿಗೆ ಸುರಿಯೋದು ಯಾವ ಅಮ್ಮನಿಗೂ ಬೇಡ.

ಫ್ರೀಜರ್ ತುಂಬ ಮೂರು ಲೀಟರ್ ಕೂಡಿಡೋ ಫೋಟೋಗಳನ್ನ ನೋಡಿ ಗಾಬರಿ ಆಗ್ಬೇಡಿ. ಮೊದಲ ದಿನಕ್ಕೆ 400, ಮೇಲೆ ಒಂದು ದಿನದ್ದು ಕೈಯಲ್ಲಿದ್ರೆ ಆಯ್ತು. ಸೋಮವಾರ ತೆಗೆದದ್ದು ಮಂಗಳವಾರಕ್ಕೆ, ಮಂಗಳವಾರದ್ದು ಬುಧವಾರಕ್ಕೆ. ಚಕ್ರ ತಿರುಗ್ತಾ ಇರುತ್ತೆ.

ಎನ್‌ಐಸಿಯು_ಸಿಸ್ಟರ್
ಲಲಿತಾ ಅವರ ಲೆಕ್ಕ ಸರಿ. ಆದರೆ ಎಲ್ಲಕ್ಕಿಂತ ಮೊದಲು ತಲೆಗೆ ಹೋಗಬೇಕಾದ್ದು ಒಂದಿದೆ. ಹಾಲು ಎದೆಯಲ್ಲಿ ತುಂಬಿಟ್ಟುಕೊಂಡು ಇರೋದಲ್ಲ, ತೆಗೆದಷ್ಟೂ ಉತ್ಪತ್ತಿ ಆಗೋದು. ಎದೆ ತುಂಬಿ ಗಟ್ಟಿಯಾದಾಗ ಹಾಲಿನಲ್ಲೇ ಇರೋ ಒಂದು ಅಂಶ "ಸಾಕು, ನಿಲ್ಸು" ಅಂತ ಗ್ರಂಥಿಗೆ ಹೇಳುತ್ತೆ. ಖಾಲಿ ಆದಷ್ಟು ಬೇಗ ತುಂಬುತ್ತೆ. ಹಾಗಾಗಿ "ಬೆಳಿಗ್ಗೆಯಿಂದ ತೆಗೀದೇ ಸಂಜೆಗೆ ಕೂಡಿಟ್ಕೊಂಡು ಒಟ್ಟಿಗೆ ಕುಡಿಸ್ತೀನಿ" ಅಂದ್ಕೊಂಡ್ರೆ ಹಾಲು ಬತ್ತೋದಕ್ಕೆ ಅದೇ ಸುಲಭದ ದಾರಿ.

ಮನೆ ಬಿಡೋ ಮುಂಚೆ ಒಂದು ಸಲ ಕುಡಿಸಿ, ಆಫೀಸಲ್ಲಿ ಮೂರು ಗಂಟೆಗೊಮ್ಮೆ ತೆಗೀರಿ. ನಿಮ್ಮ ಸಮಯಕ್ಕೆ 11.30, 2.30, 5.30 ಹೊಂದುತ್ತೆ. ಎರಡೂ ಕಡೆ ಒಟ್ಟಿಗೆ ತೆಗೆಯೋ ಪಂಪ್ ಆದ್ರೆ 15–20 ನಿಮಿಷ, ಒಂದೊಂದೇ ಆದ್ರೆ ಅರ್ಧ ಗಂಟೆ. ಒಂದು ಸಲಕ್ಕೆ ಎರಡೂ ಕಡೆ ಸೇರಿ 60ರಿಂದ 120 ಮಿ.ಲೀ. ಬಂದ್ರೆ ಚೆನ್ನಾಗೇ ಬರ್ತಿದೆ ಅಂತ ಅರ್ಥ. ಮಗು ಕುಡಿದ ಮೇಲೆ ತೆಗೆದ್ರೆ 30 ಬರೋದೂ ಸಹಜ. ಬೆಳಗಿನ ಜಾವ ಹೆಚ್ಚು, ಸಂಜೆ ಕಮ್ಮಿ.

ಈಗ ರಜೆ ಇರೋವಾಗಲೇ ಬೆಳಗಿನ ಮೊದಲ ಹಾಲು ಕುಡಿಸಿ ಅರ್ಧ-ಮುಕ್ಕಾಲು ಗಂಟೆ ಬಿಟ್ಟು ದಿನಕ್ಕೊಂದು ಸಲ ತೆಗೆಯೋಕೆ ಶುರು ಮಾಡಿ. ಕೈಗೂ ಪಂಪಿಗೂ ಅಭ್ಯಾಸ ಆಗುತ್ತೆ.

ಸುಮ್ನಿರಲಾರದವ
ಪಂಪಲ್ಲಿ ಕಮ್ಮಿ ಬಂದ್ರೆ ಹಾಲೇ ಕಮ್ಮಿ ಅಂತ ಅಲ್ವಾ?

ಎನ್‌ಐಸಿಯು_ಸಿಸ್ಟರ್
ಅಲ್ಲ. ಪಂಪ್ ಯಾವತ್ತೂ ಮಗುವಿನಷ್ಟು ಚೆನ್ನಾಗಿ ಎಳೆಯಲ್ಲ. ಹಾಲು ಸಾಕಾಗ್ತಿದೆಯಾ ಅಂತ ನೋಡೋದು ಮಗುವಿನ ಕಡೆಯಿಂದ. ಹುಟ್ಟಿದ ಆರನೇ ದಿನದಿಂದ ದಿನಕ್ಕೆ ಕನಿಷ್ಠ ಆರು ಸಲ ಮೂತ್ರ. ಹುಟ್ಟಿದಾಗಿನ ತೂಕ ಮೊದಲ ವಾರ ಸ್ವಲ್ಪ ಇಳಿದು ಎರಡು ವಾರದೊಳಗೆ ವಾಪಸ್ ಬರಬೇಕು, ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20–30 ಗ್ರಾಂ ಏರಿಕೆ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಇದೆಯಲ್ಲ, ಅದನ್ನ ನೋಡಿ. ಎದೆ ಮೃದುವಾಗಿದೆ, ಮಗು ಅಳುತ್ತೆ, ಪಂಪಲ್ಲಿ ಬರಲ್ಲ: ಈ ಮೂರೂ ಸಾಕ್ಷಿ ಅಲ್ಲವೇ ಅಲ್ಲ.

ಧಾರವಾಡ_ಫೇಡೆ
ಅಲ್ರೀ, ಎಲ್ಲಾರೂ ಮಷೀನಿನ ಮಾತೇ ಆಡಾಕತ್ತೀರಿ, ಹೊಟ್ಟಿಗೆ ಏನ ತಿನ್ನಬೇಕು ಅಂತ ಒಬ್ರೂ ಹೇಳ್ಳಿಲ್ಲ. ಆಳ್ವಿ ಬೀಜದ ಪಾಯಸ ಮಾಡ್ಕೊಂಡು ಕುಡೀರಿ. ಎರಡು ಚಮಚ ಆಳ್ವಿ ರಾತ್ರಿ ನೆನೆ ಹಾಕಬೇಕು, ಮುಂಜಾನೆ ಹಾಲು ಬೆಲ್ಲ ಹಾಕಿ ಕುದಿಸಬೇಕು. ಅಂಟಿನುಂಡಿ ದಿನಾ ಒಂದು. ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಚಟ್ನಿ. ಹಾಲು ತಾನ ಬರತೈತಿ.

ಮೆಂತ್ಯ_ಬೇಡ
ಧಾರವಾಡದವರೇ, ಆಳ್ವಿ ತಿನ್ನಲಿ, ಕಬ್ಬಿಣದಂಶ ಸಿಗುತ್ತೆ, ತಕರಾರಿಲ್ಲ. ಆದರೆ ತಿಂದದ್ದರಿಂದಲೇ ಹಾಲು ಹೆಚ್ಚುತ್ತೆ ಅನ್ನೋದಕ್ಕೆ ಮೆಂತ್ಯಕ್ಕಾಗಲಿ ಆಳ್ವಿಗಾಗಲಿ ಗಟ್ಟಿ ಪುರಾವೆ ಇಲ್ಲ. ಬಾಣಂತಿಗೆ ನಿಜವಾಗಿ ಬೇಕಿರೋದು ಹೊಟ್ಟೆ ತುಂಬ ಊಟ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪಟ್ಟಿ ಪ್ರಕಾರ ಮೊದಲ ಆರು ತಿಂಗಳು ಮಾಮೂಲಿಗಿಂತ 600 ಕ್ಯಾಲೊರಿ ಹೆಚ್ಚು, ಆರರಿಂದ ಹನ್ನೆರಡರವರೆಗೆ 520. ಅಂದ್ರೆ ಹೆಚ್ಚುಕಡಿಮೆ ಇನ್ನೊಂದು ಊಟ. ಆಫೀಸಿಗೆ ಹೋಗೋರು ಮಧ್ಯಾಹ್ನದ ಡಬ್ಬಿಯನ್ನೇ ಅರ್ಧ ಮಾಡಿ ತಿಂದು, ರಾತ್ರಿ ಮೆಂತ್ಯದ ಕ್ಯಾಪ್ಸೂಲ್ ನುಂಗಿದ್ರೆ ಏನುಪಯೋಗ?

ನೀರಿನ ವಿಷಯವೂ ಹಂಗೇ. ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನೇ ಕಟ್ ಮಾಡ್ತಾರೆ, ಮೈ ಊದಿಕೊಳ್ಳುತ್ತೆ ಅಂತ. ಅದು ತಪ್ಪು. ಬಾಯಾರಿದಷ್ಟು ಕುಡೀಬೇಕು. ಹಂಗಂತ ಬಲವಂತವಾಗಿ ಐದು ಲೀಟರ್ ಕುಡಿದ್ರೂ ಹಾಲು ಹೆಚ್ಚಲ್ಲ.

ಧಾರವಾಡ_ಫೇಡೆ
ಪುರಾವೆ ಇರಲಿ ಬಿಡ್ರಿ, ಅಂಟಿನುಂಡಿಯಾಗ ಒಣಕೊಬ್ರಿ, ಉತ್ತತ್ತಿ, ಬೆಲ್ಲ, ತುಪ್ಪ, ಗೇರುಬೀಜ ಎಲ್ಲಾ ಐತಿ. ನಿಮ್ಮ 600 ಕ್ಯಾಲೊರಿ ಎರಡು ಉಂಡಿಯಾಗ ಬಂತು ನೋಡ್ರಿ. ಅಜ್ಜಿಗೋಳು ಲೆಕ್ಕ ಬರದಿಟ್ಟಿರಲಿಲ್ಲ, ಅಷ್ಟ.

ಮೆಂತ್ಯ_ಬೇಡ
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ 😄

ಪಂಪ್_ಪುರಾಣ
ಪಂಪಿನ ವಿಷಯ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಹೆಚ್ಚಿನವರು ದುಡ್ಡು ಕಳ್ಕೊಳ್ಳೋದು ಇಲ್ಲೇ.

ಮೆಡಿಕಲ್ ಶಾಪಲ್ಲಿ ನೂರಿನ್ನೂರು ರೂಪಾಯಿಗೆ ರಬ್ಬರ್ ಬುಡ್ಡೆ ಇರೋ ಪಂಪ್ ಸಿಗುತ್ತೆ, ಹಳೇ ಕಾಲದ ಆಟೋ ಹಾರನ್ ಥರ. ಅದನ್ನ ತಗೋಬೇಡಿ. ಹಾಲು ರಬ್ಬರ್ ಒಳಗೆ ಹೋಗುತ್ತೆ, ಅಲ್ಲಿ ಬ್ರಶ್ ಹೋಗಲ್ಲ, ಎಳೆತದ ಮೇಲೆ ಹಿಡಿತವೂ ಇರಲ್ಲ, ತೊಟ್ಟಿಗೆ ಪೆಟ್ಟಾಗುತ್ತೆ.

ದಿನಾ ಮೂರು ಸಲ ತೆಗೆಯೋರಿಗೆ ಎರಡೂ ಕಡೆ ಹಾಕೋ ಎಲೆಕ್ಟ್ರಿಕ್ ಪಂಪೇ ಬೇಕು. ತಗೊಳ್ಳೋವಾಗ ನೋಡಬೇಕಾದ್ದು "ಕ್ಲೋಸ್ಡ್ ಸಿಸ್ಟಮ್" ಹೌದಾ ಅಂತ. ಅಂದ್ರೆ ಹಾಲಿಗೂ ಮೋಟಾರಿಗೂ ನಡುವೆ ತಡೆ ಇರಬೇಕು. ಇಲ್ಲದಿದ್ರೆ ಹಾಲಿನ ಆವಿ ಪೈಪಿಗೆ ಹೋಗಿ ಬೂಷ್ಟು ಹಿಡಿಯುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಈ ಕಾರಣಕ್ಕೇ ಇನ್ನೂ ಎಚ್ಚರ ಬೇಕು.

ಆಮೇಲೆ ಫ್ಲಾಂಜ್, ಅಂದ್ರೆ ಎದೆಗೆ ಇಡೋ ಕೊಳವೆ. ಡಬ್ಬದಲ್ಲಿ ಸಾಮಾನ್ಯವಾಗಿ 24 ಮಿ.ಮೀ. ಬರುತ್ತೆ, ಎಲ್ಲರಿಗೂ ಅದೇ ಆಗಲ್ಲ. ತೆಗೆಯೋಕೆ ಮುಂಚೆ ತೊಟ್ಟಿನ ಬುಡದ ಅಗಲ ಮಿ.ಮೀ.ನಲ್ಲಿ ಅಳೀರಿ, ಕಪ್ಪು ಭಾಗ ಸೇರಿಸಬೇಡಿ. ಅದಕ್ಕಿಂತ ಸ್ವಲ್ಪ ದೊಡ್ಡದು ಸರಿಯಾದ ಅಳತೆ. ಸಣ್ಣದಾದ್ರೆ ತೊಟ್ಟು ಗೋಡೆಗೆ ಉಜ್ಜಿ ಗಾಯ. ದೊಡ್ಡದಾದ್ರೆ ಕಪ್ಪು ಭಾಗವೂ ಒಳಗೆ ಎಳೆದು ಊದಿಕೊಳ್ಳುತ್ತೆ, ಹಾಲು ಬರಲ್ಲ. ಒಂದು ಕಡೆಗೊಂದು ಅಳತೆ ಇರೋದೂ ಉಂಟು.

ಎಳೆತ ಜಾಸ್ತಿ ಇಟ್ರೆ ಹಾಲು ಜಾಸ್ತಿ ಅನ್ನೋದು ಭ್ರಮೆ. ನೋವಾದ್ರೆ ಹಾಲು ಇಳಿಯೋದೇ ನಿಲ್ಲುತ್ತೆ. ಮೊದಲು ಬೇಗ-ಬೇಗ, ಹಗುರ ಎಳೆತ. ಹಾಲು ಚಿಮ್ಮೋಕೆ ಶುರುವಾದ ಮೇಲೆ ನಿಧಾನ, ಸ್ವಲ್ಪ ಜೋರು. ನೋವಿಲ್ಲದ ಗರಿಷ್ಠ ಯಾವುದೋ ಅದೇ ನಿಮ್ಮದು.

ಲೆಕ್ಕದ_ಲಲಿತಾ
ಮತ್ತೆ ವಾಲ್ವ್! "ಹಾಲು ದಿಢೀರ್ ಕಮ್ಮಿ ಆಯ್ತು" ಅನ್ನೋ ದೂರುಗಳಲ್ಲಿ ಬಹಳಷ್ಟು ಸಲ ತಪ್ಪು ವಾಲ್ವಿನದು.

ಪಂಪ್_ಪುರಾಣ
ಹೌದ್ಹೌದು, ಮರೆತಿದ್ದೆ. ಬಾತುಕೋಳಿ ಕೊಕ್ಕಿನ ಆಕಾರದ ಬಿಳಿ ಸಿಲಿಕೋನ್ ವಾಲ್ವ್ ಇರುತ್ತಲ್ಲ, ಅದರ ತುದಿಯ ಸೀಳು ಮುಚ್ಚಿಕೊಂಡೇ ಇರಬೇಕು. ಬ್ರಶ್ ತುರುಕಿ ತೊಳೆದ್ರೆ ಅಗಲವಾಗುತ್ತೆ, ಎಳೆತ ಸೋರುತ್ತೆ. ಬೆರಳಲ್ಲಿ ಮೆಲ್ಲಗೆ ಉಜ್ಜಿ. ದಿನಾ ಬಳಸೋರು ಎರಡು-ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಂದು ಜೊತೆ ಹೆಚ್ಚಿಗೆ ಆಫೀಸ್ ಡ್ರಾಯರಲ್ಲಿ ಇಟ್ಟಿರಿ.

ಎನ್‌ಐಸಿಯು_ಸಿಸ್ಟರ್
ಪಂಪ್ ಕೆಟ್ಟರೆ, ಕರೆಂಟ್ ಇಲ್ಲದಿದ್ದರೆ, ದುಡ್ಡಿಲ್ಲದಿದ್ದರೆ ಕೈ ಇದೆಯಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಲಿಸೋದು ಇದನ್ನೇ. ಕೈ ತೊಳೆದು, ಎದೆಯನ್ನ ಮೆಲ್ಲಗೆ ನೀವಿ. ಹೆಬ್ಬೆರಳು ಮೇಲೆ, ತೋರುಬೆರಳು-ನಡುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು 3 ಸೆಂ.ಮೀ. ಹಿಂದೆ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನ ಹತ್ತಿರ ತನ್ನಿ, ಬಿಡಿ. ಒತ್ತು, ಹಿಂಡು, ಬಿಡು. ಮೊದಲು ಹನಿ ಹನಿ, ಒಂದೆರಡು ನಿಮಿಷ ಬಿಟ್ಟು ಧಾರೆ. ಬೆರಳ ಜಾಗ ಗಡಿಯಾರದ ಮುಳ್ಳಿನಂತೆ ಸುತ್ತಿಸುತ್ತಾ ಹೋಗಿ. ಒಂದು ಕಡೆ 4–5 ನಿಮಿಷ, ಇನ್ನೊಂದು ಕಡೆ, ಮತ್ತೆ ವಾಪಸ್, ಒಟ್ಟು 20–30 ನಿಮಿಷ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನೇ ಹಿಡಿದು ಎಳೆಯಲೂಬಾರದು. ಅಲ್ಲಿ ಹಾಲಿಲ್ಲ, ನೋವು ಮಾತ್ರ ಇದೆ.

ಪಂಪ್ ಮಾಡೋವಾಗಲೂ ಜೊತೆಗೆ ಕೈಯಲ್ಲಿ ಒತ್ತುತ್ತಾ ಇದ್ರೆ ಹೆಚ್ಚು ಬರುತ್ತೆ. ಕೊನೆಗೆ ಬರೋ ಹಾಲಲ್ಲಿ ಕೊಬ್ಬು ಜಾಸ್ತಿ, ಅದನ್ನ ಬಿಡಬೇಡಿ.

ಕಲಬುರಗಿ_ಬಿಸಿಲು
ಹಾಲು ಹೊರಗೆ ನಾಲ್ಕು ಗಂಟೆ ಇಡಬಹುದು ಅಂತ ಎಲ್ಲ ಕಡೆ ಬರೆದಿರುತ್ತೆ. ಆ ಮಾತು ನಮ್ಮ ಮೇ ತಿಂಗಳಿಗೆ ಹೇಳಿದ್ದಲ್ಲ. 25 ಡಿಗ್ರಿವರೆಗಿನ ಕೋಣೆಗೆ ಹೇಳಿದ್ದು. ಇಲ್ಲಿ 42 ಇರುತ್ತೆ. ತೆಗೆದ ತಕ್ಷಣ ಫ್ರಿಜ್ಜಿಗೆ, ಇಲ್ಲಾಂದ್ರೆ ಐಸ್ ಪ್ಯಾಕ್ ಬ್ಯಾಗಿಗೆ.

ಲೆಕ್ಕದ_ಲಲಿತಾ
ಒಳ್ಳೇ ಮಾತು. ಫ್ರಿಜ್ಜಿನ ಲೆಕ್ಕ: 4 ಡಿಗ್ರಿಯಲ್ಲಿ ನಾಲ್ಕು ದಿನ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತೆ. ನಮ್ಮ ಆಸ್ಪತ್ರೆಗಳಲ್ಲಿ 24 ಗಂಟೆ ಅಂತ ಹೇಳ್ತಾರೆ. ಬಾಗಿಲು ಪದೇಪದೇ ತೆಗೆಯೋ, ದಿನಕ್ಕೆರಡು ಸಲ ಕರೆಂಟ್ ಹೋಗೋ ಫ್ರಿಜ್ಜಿಗೆ 24 ಗಂಟೆಯೇ ವಿವೇಕ. ಅದಕ್ಕಿಂತ ಹೆಚ್ಚು ಬೇಕಾದ್ರೆ ತೆಗೆದ ದಿನವೇ ಫ್ರೀಜರಿಗೆ ಹಾಕಿ. ಪ್ರತ್ಯೇಕ ಬಾಗಿಲಿರೋ ಫ್ರೀಜರ್ ಆದ್ರೆ ಮೂರರಿಂದ ಆರು ತಿಂಗಳು. ಒಂದೇ ಬಾಗಿಲಿನ ಹಳೇ ಫ್ರಿಜ್ಜಿನ ಮೇಲಿನ ಐಸ್ ಡಬ್ಬಿಯನ್ನ ಅಷ್ಟು ದಿನ ನಂಬಬೇಡಿ.

ಬಾಗಿಲಿನ ಗೂಡಲ್ಲಿ ಇಡಬೇಡಿ, ಹಿಂಬದಿಗೆ ಇಡಿ. ಚೀಲಕ್ಕೆ ಮುಕ್ಕಾಲು ಭಾಗ ಮಾತ್ರ ತುಂಬಿ, ಹೆಪ್ಪುಗಟ್ಟುವಾಗ ಉಬ್ಬುತ್ತೆ. ಮಲಗಿಸಿ ಚಪ್ಪಟೆಯಾಗಿ ಗಟ್ಟಿ ಮಾಡಿದ್ರೆ ಬೇಗ ಕರಗುತ್ತೆ, ಜಾಗವೂ ಉಳಿಯುತ್ತೆ. ತಾರೀಖು ಬರೀಲೇಬೇಕು. ಈಗ ತೆಗೆದ ಬಿಸಿ ಹಾಲನ್ನ ನೇರವಾಗಿ ಹಳೇ ತಣ್ಣನೆ ಹಾಲಿಗೆ ಸುರೀಬೇಡಿ, ತಣ್ಣಗಾದ ಮೇಲೆ ಸೇರಿಸಿ.

ಸಂಪಿಗೆಮರ
ಕರೆಂಟ್ ಹೋದ್ರೆ?

ಲೆಕ್ಕದ_ಲಲಿತಾ
ಫ್ರೀಜರ್ ಬಾಗಿಲು ತೆಗೀಬೇಡಿ, ಅಷ್ಟೇ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟ್ಲಿಗಳನ್ನ ಗಟ್ಟಿಮಾಡಿ ಇಟ್ಟಿದ್ರೆ ತಂಪು ಇನ್ನೂ ಹೊತ್ತು ನಿಲ್ಲುತ್ತೆ. ಕರೆಂಟ್ ಬಂದ ಮೇಲೆ ನೋಡಿ: ಹಾಲಿನಲ್ಲಿ ಇನ್ನೂ ಐಸ್ ಹರಳು ಇದ್ರೆ ಮತ್ತೆ ಗಟ್ಟಿಯಾಗೋಕೆ ಬಿಡಬಹುದು. ಪೂರ್ತಿ ಕರಗಿದ್ರೆ ಮರು ಫ್ರೀಜ್ ಬೇಡ, ಫ್ರಿಜ್ಜಲ್ಲಿಟ್ಟು 24 ಗಂಟೆಯೊಳಗೆ ಕುಡಿಸಿ.

ಕರಗಿಸೋದು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗೆ ಇಟ್ಟು. ಅವಸರ ಇದ್ರೆ ಉಗುರುಬೆಚ್ಚನೆ ನೀರಿನ ಪಾತ್ರೆಯಲ್ಲಿ ಅದ್ದಿ. ಮೈಕ್ರೋವೇವ್ ಬೇಡ, ಒಂದು ಕಡೆ ಕುದಿಯುತ್ತೆ ಇನ್ನೊಂದು ಕಡೆ ತಣ್ಣಗೇ ಇರುತ್ತೆ, ಮಗುವಿನ ಬಾಯಿ ಸುಡುತ್ತೆ. ಒಲೆ ಮೇಲೆ ಕುದಿಸೋದೂ ಬೇಡ, ಅಜ್ಜಿಯರು ಅಭ್ಯಾಸಬಲದಿಂದ ಆಕಳ ಹಾಲಿನ ಥರ ಉಕ್ಕಿಸಿಬಿಡ್ತಾರೆ! ಮೊದಲೇ ಹೇಳಿಡಿ. ಕೆನೆ ಬೇರೆಯಾಗಿ ಮೇಲೆ ನಿಂತಿರುತ್ತೆ, ಕೆಟ್ಟಿದೆ ಅಂತಲ್ಲ, ಮೆಲ್ಲಗೆ ಸುತ್ತಿಸಿದ್ರೆ ಬೆರೆಯುತ್ತೆ.

ಕಡಲತೀರ_ಕುಡ್ಲ
ಫ್ರಿಜ್ಜಿನಿಂದ ತೆಗೆದ ಹಾಲು ಸೋಪಿನ ವಾಸನೆ ಬರ್ತದೆ ಅಂತ ಕೆಲವರು ಚೆಲ್ಲುದುಂಟು ಮಾರಾಯ್ರೆ. ಅದು ಕೆಟ್ಟದ್ದಲ್ಲ. ಹಾಲಿನಲ್ಲಿ ಲೈಪೇಸ್ ಅಂತ ಕಿಣ್ವ ಉಂಟು, ಕೊಬ್ಬನ್ನು ಒಡೆಯುತ್ತದೆ, ಅದರ ವಾಸನೆ. ಮಗು ಕುಡಿದರೆ ಏನೂ ತೊಂದರೆ ಇಲ್ಲ. ಮಗು ಮುಖ ತಿರುಗಿಸಿದರೆ ಮಾತ್ರ, ಫ್ರೀಜ್ ಮಾಡುವ ಮೊದಲು ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಬಿಸಿ ಮಾಡಿ, ಉಕ್ಕಬಾರದು, ಕೂಡಲೇ ತಣ್ಣೀರಿನಲ್ಲಿಟ್ಟು ತಣಿಸಿ. ಹೀಗೆ ಬಿಸಿ ಮಾಡಿದರೆ ರಕ್ಷಣೆಯ ಅಂಶ ಸ್ವಲ್ಪ ಕಡಿಮೆ ಆಗ್ತದೆ, ಹಾಗಾಗಿ ಅಗತ್ಯ ಇದ್ದವರು ಮಾತ್ರ ಮಾಡಿ. ಹುಳಿ ವಾಸನೆ ಬಂದರೆ ಅದು ಬೇರೆ, ಅದು ನಿಜವಾಗಿಯೂ ಕೆಟ್ಟದ್ದು.

ವಿಜಯನಗರ_ವಿನಯ
ಗಂಡಸರು ಈ ಥ್ರೆಡ್ ಓದಬಹುದಾ? ನಾವೇನ್ ಮಾಡ್ಬೇಕು?

ಪಂಪ್_ಪುರಾಣ
ಪಂಪ್ ಭಾಗ ತೊಳೀರಿ. ತಮಾಷೆಗಲ್ಲ, ನಿಜವಾಗಿ. ಸಿಂಕಲ್ಲಿ ಹಾಕಬೇಡಿ, ಅದಕ್ಕೇ ಅಂತ ಪ್ರತ್ಯೇಕ ಬೇಸಿನ್, ಪ್ರತ್ಯೇಕ ಬ್ರಶ್. ಮೊದಲು ತಣ್ಣೀರಲ್ಲಿ ಹಾಲಿನ ಜಿಡ್ಡು ಬಿಡಿಸಿ, ಆಮೇಲೆ ಬಿಸಿನೀರು ಸೋಪು. ದಿನಕ್ಕೊಂದು ಸಲ ಐದು ನಿಮಿಷ ಕುದಿಸಿ. ಟವೆಲ್ಲಲ್ಲಿ ಒರೆಸದೆ ಗಾಳಿಗೆ ಒಣಗಿಸಿ. ಪೈಪ್ ಕುದಿಸಬೇಡಿ, ಅದರಲ್ಲಿ ನೀರಿನ ಹನಿ ನಿಂತಿದ್ರೆ ಪಂಪನ್ನ ಖಾಲಿ ಎರಡು ನಿಮಿಷ ಓಡಿಸಿ. ರಾತ್ರಿ ಹೆಂಡತಿ ಮಲಗಿದ ಮೇಲೆ ಇದಿಷ್ಟು ಮಾಡಿಟ್ರೆ ನೀವೇ ಊರಿಗೆ ದೊಡ್ಡ ಮನುಷ್ಯ.

ವಿಜಯನಗರ_ವಿನಯ
ನೋಟ್ ಮಾಡ್ಕೊಂಡೆ.

ಕಾನೂನು_ಕಣ್ಣು
ಹಕ್ಕುಗಳ ಬಗ್ಗೆ ಯಾರೂ ಮಾತಾಡ್ಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರಲ್ಲಿ ತಿದ್ದುಪಡಿ. ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ 8 ವಾರ ಮೀರಬಾರದು. ಮೂರನೆಯದಕ್ಕೆ 12 ವಾರ. ಮಗುವಿಗೆ 15 ತಿಂಗಳಾಗೋವರೆಗೆ ಮಾಮೂಲಿ ವಿಶ್ರಾಂತಿಯಲ್ಲದೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕಡ್ಡಾಯ. 50 ಅಥವಾ ಹೆಚ್ಚು ಜನ ಇರೋ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಕೆಲಸದ ಸ್ವರೂಪ ಒಪ್ಪಿದ್ರೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸಕ್ಕೂ ಅವಕಾಶ ಇದೆ, ಆದರೆ ಅದು ಮಾಲೀಕರ ಜೊತೆ ಒಪ್ಪಂದದ ಮೇಲೆ. 2025ರ ನವೆಂಬರಿನಿಂದ ಈ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದೂ ಈ ಅಂಶಗಳನ್ನ ಉಳಿಸಿಕೊಂಡಿದೆ.

ಒಂದು ಕಿತಾಪತಿ ಗಮನಿಸಿ. ಕಾಯ್ದೆ ಹೇಳೋದು ಹಾಲುಣಿಸುವ ಬಿಡುವು ಅಂತ, ಪಂಪಿಂಗ್ ಕೋಣೆ ಅಂತಲ್ಲ. ಹಾಗಾಗಿ ಎಚ್‌ಆರ್‌ಗೆ ಬರೆಯೋವಾಗ ಈ ಎರಡು ಬಿಡುವಿನ ಹೆಸರಲ್ಲೇ ಸಮಯ ಕೇಳಿ, ಜೊತೆಗೆ ಚಿಲಕ ಇರೋ ಕೋಣೆ, ಪ್ಲಗ್ ಪಾಯಿಂಟ್, ಕೈ ತೊಳೆಯೋ ನೀರು, ಫ್ರಿಜ್ಜಲ್ಲಿ ಒಂದು ಮೂಲೆ. ಇಮೇಲಲ್ಲಿ, ರಜೆ ಮುಗಿಯೋಕೆ ಎರಡು ವಾರ ಮೊದಲೇ. ಶೌಚಾಲಯ ತೋರಿಸಿದ್ರೆ ಒಪ್ಪಬೇಡಿ.

ಪೀಣ್ಯ_ಎರಡನೇಹಂತ
ಇದೆಲ್ಲ ಐಟಿ ಆಫೀಸಿಗೆ ಸರಿ. ಗಾರ್ಮೆಂಟ್ಸಲ್ಲಿ ಲೈನ್ ಟಾರ್ಗೆಟ್ ಇರುವಾಗ ಯಾವ ಸೂಪರ್‌ವೈಸರ್ ಮೂರು ಸಲ ಬಿಡ್ತಾನೆ? ಕ್ರೆಶ್ ಇರುತ್ತೆ, ಆದರೆ ಬೆಳಿಗ್ಗೆ ತುಂಬಿದ ಬಸ್ಸಲ್ಲಿ ಕೂಸನ್ನ ಎತ್ಕೊಂಡು ಬರಬೇಕಲ್ಲ. ಅದಕ್ಕೇ ತುಂಬ ಜನ ಕೂಸನ್ನ ಊರಿಗೆ ಕಳಿಸಿಬಿಡ್ತಾರೆ.

ಕಾನೂನು_ಕಣ್ಣು
ಒಪ್ಪಿದೆ. ಕಾಯ್ದೆ ಒಂದು, ನೆಲದ ಮೇಲಿನ ಸ್ಥಿತಿ ಇನ್ನೊಂದು. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ರೆ 26 ವಾರದ ಸಂಬಳ ಅಲ್ಲಿಂದ ಬರುತ್ತೆ, ಆ ರಜೆಯನ್ನಾದ್ರೂ ಪೂರ್ತಿ ತಗೊಳ್ಳಿ. ಹಳ್ಳಿ ಕಡೆ ನರೇಗಾ ಕೆಲಸದ ತಾಯಂದಿರಿಗೆ ಅಂತ ಗ್ರಾಮ ಪಂಚಾಯ್ತಿಗಳಲ್ಲಿ ರಾಜ್ಯ ಸರ್ಕಾರದ "ಕೂಸಿನ ಮನೆ" ಅನ್ನೋ ಶಿಶುಪಾಲನಾ ಕೇಂದ್ರ ಶುರುವಾಗಿದೆ. ನಿಮ್ಮ ಪಂಚಾಯ್ತಿಯಲ್ಲಿ ನಡೀತಿದೆಯಾ ವಿಚಾರಿಸಿ.

ಎನ್‌ಐಸಿಯು_ಸಿಸ್ಟರ್
ಲೈನ್ ಬಿಟ್ಟು ಬರಲಾಗದವರು ಊಟದ ಬಿಡುವಿನಲ್ಲಿ ಒಂದು ಸಲವಾದ್ರೂ ಕೈಯಲ್ಲಿ ಹಿಂಡಿ. ಇಡೋಕೆ ಫ್ರಿಜ್ ಇಲ್ಲ ಅಂದ್ರೆ ಚೆಲ್ಲಿದ್ರೂ ಪರವಾಗಿಲ್ಲ, ಎದೆ ಕಟ್ಟಿಕೊಳ್ಳಲ್ಲ, ಉತ್ಪತ್ತಿಯೂ ನಿಲ್ಲಲ್ಲ. ಬೆಳಿಗ್ಗೆ, ಸಂಜೆ, ರಾತ್ರಿ ಮೈಗೆ ಅಂಟಿಸಿಕೊಂಡು ಕುಡಿಸಿ. ಎಲ್ಲಾ ಇಲ್ಲವೇ ಏನೂ ಇಲ್ಲ ಅನ್ನೋ ಲೆಕ್ಕ ಬೇಡ.

ಹಿರಿಯಜ್ಜಿ_ಮೈಸೂರು
ಎದೆ ಕಟ್ಟಿದ್ರೆ ಬಿಸಿನೀರಿನ ಶಾಖ ಕೊಟ್ಟು, ಗಂಟನ್ನ ಚೆನ್ನಾಗಿ ತಿಕ್ಕಿ ಕರಗಿಸಬೇಕು ಕಣಮ್ಮ. ಎಲೆಕೋಸಿನ ಎಲೆ ಇಟ್ರೂ ಆಗುತ್ತೆ.

ಎನ್‌ಐಸಿಯು_ಸಿಸ್ಟರ್
ಅಜ್ಜಿ, ಇಷ್ಟು ವರ್ಷ ನಾವೂ ಅದನ್ನೇ ಹೇಳ್ತಿದ್ವಿ. 2022ರಲ್ಲಿ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಅನ್ನೋ ವೈದ್ಯರ ಸಂಘ ಹೊಸ ಮಾರ್ಗಸೂಚಿ ತಂದಿದೆ. ಗಂಟಾಗೋದು ಒಳಗೆ ಹಾಲು ಕಲ್ಲಾಗಿ ಅಂಟಿಕೊಂಡಿದ್ದಕ್ಕಲ್ಲ, ಸುತ್ತಲಿನ ಅಂಗಾಂಶ ಊದಿ ನಾಳ ಒತ್ತಿಕೊಂಡದ್ದಕ್ಕೆ. ಜೋರಾಗಿ ತಿಕ್ಕಿದ್ರೆ ಊತ ಇನ್ನೂ ಹೆಚ್ಚುತ್ತೆ. ಬಟ್ಟೆ ಸುತ್ತಿದ ಐಸ್ 10–15 ನಿಮಿಷ, ಮಗುವಿಗೆ ಮಾಮೂಲಿನಂತೆ ಕುಡಿಸೋದು, ಹೆಚ್ಚುವರಿಯಾಗಿ ಪೂರ್ತಿ ಖಾಲಿ ಮಾಡೋಕೆ ಹೋಗದೇ ಇರೋದು, ಡಾಕ್ಟರನ್ನ ಕೇಳಿ ಐಬುಪ್ರೊಫೆನ್. ಜ್ವರ, ನಡುಕ, ಕೆಂಪು ಒಂದು ದಿನದಲ್ಲಿ ಇಳೀಲಿಲ್ಲ ಅಂದ್ರೆ ಆಸ್ಪತ್ರೆಗೆ ಹೋಗಬೇಕು. ಆಂಟಿಬಯೋಟಿಕ್ ತಗೊಳ್ಳೋವಾಗಲೂ ಹಾಲು ನಿಲ್ಲಿಸಬೇಕಿಲ್ಲ. ನಿಲ್ಲಿಸಿದ್ರೆ ಕೀವು ಕಟ್ಟೋ ಅಪಾಯ.

ಹಿರಿಯಜ್ಜಿ_ಮೈಸೂರು
ಐಸಾ! ಬಾಣಂತಿಗೆ ಐಸು! ಸರಿ, ಕಾಲ ಬದಲಾಯ್ತು.
ಒಳಲೆ ವಿಷಯಕ್ಕೆ ಬರ್ತೀನಿ, ಅದನ್ನಂತೂ ಬಿಡಲ್ಲ. ಐದು ತಿಂಗಳ ಮಗು ಚೆನ್ನಾಗಿ ಕುಡಿಯುತ್ತೆ. ತೊಡೆ ಮೇಲೆ ಅರ್ಧ ಕೂತ ಹಾಗೆ ಹಿಡ್ಕೋಬೇಕು, ಪೂರ್ತಿ ಮಲಗಿಸಿ ಹಾಕಬಾರದು. ಒಳಲೆಯ ಮೂತಿ ಬಾಯಿಯ ಒಂದು ಮೂಲೆಗೆ, ಕೆನ್ನೆ ಕಡೆಗೆ. ಸ್ವಲ್ಪ ಬಿಟ್ಟು, ಗುಟುಕು ನುಂಗಿದ್ದು ನೋಡಿ ಇನ್ನೊಂದು ಸ್ವಲ್ಪ. ಅಳೋವಾಗ ಹಾಕಲೇಬಾರದು, ನೆತ್ತಿಗೆ ಹತ್ತುತ್ತೆ.

ಕಡಲತೀರ_ಕುಡ್ಲ
ಅಜ್ಜಿ ಹೇಳಿದ್ದು ಸರಿ. ಬಾಟ್ಲಿಗಿಂತ ಒಳಲೆ, ಲೋಟ ಎರಡೂ ತೊಳೆಯಲು ಸುಲಭ, ಮೂಲೆಯಲ್ಲಿ ಕೊಳೆ ಕೂರುವುದಿಲ್ಲ. ಸಣ್ಣ ಸ್ಟೀಲ್ ಲೋಟದಲ್ಲಾದರೆ ಅಂಚನ್ನು ಕೆಳತುಟಿಗೆ ತಾಗಿಸಿ ಹಾಲು ತುಟಿ ಮುಟ್ಟುವಷ್ಟು ಬಗ್ಗಿಸಿ, ಮಗುವೇ ಹೀರಿಕೊಳ್ಳುತ್ತದೆ. ಸುರಿಯಬಾರದು. ಬಾಟ್ಲಿಯೇ ಬೇಕು ಅಂತಾದರೆ ನಿಧಾನ ಹರಿವಿನ ನಿಪ್ಪಲ್, ಮಗುವನ್ನು ನೆಟ್ಟಗೆ ಕೂರಿಸಿ, ಬಾಟ್ಲಿ ಅಡ್ಡವಾಗಿ ಹಿಡಿದು, ನಡುನಡುವೆ ನಿಲ್ಲಿಸಿ. ಐದು ನಿಮಿಷದಲ್ಲಿ ಗಟಗಟ ಮುಗಿಸಿದರೆ ಎದೆಯ ನಿಧಾನಕ್ಕೆ ಮಗು ತಾಳ್ಮೆ ಕಳೆದುಕೊಳ್ತದೆ.

ಅಭ್ಯಾಸ ಮಾಡಿಸುವುದು ಅಮ್ಮ ಅಲ್ಲ, ಬೇರೆಯವರು. ಅಮ್ಮ ಆ ಹೊತ್ತಿಗೆ ಮನೆಯಲ್ಲೇ ಇರಬಾರದು, ವಾಸನೆ ಹಿಡಿದರೆ ಮಗು ಬೇರೆ ಏನನ್ನೂ ಮುಟ್ಟುದಿಲ್ಲ. ತುಂಬ ಹಸಿದು ಅಳುವಾಗ ಶುರು ಮಾಡಬೇಡಿ.

ಸುಮ್ನಿರಲಾರದವ
ಬಿಸಿಲಲ್ಲಿ ಮಗುವಿಗೆ ಎರಡು ಚಮಚ ನೀರು, ಸ್ವಲ್ಪ ಬಜೆ, ಜೇನುತುಪ್ಪ ಕೊಟ್ರೆ ಏನ್ ಮಹಾ?

ಮೆಂತ್ಯ_ಬೇಡ
ನೀರು: ಎದೆಹಾಲಿನಲ್ಲೇ ಸುಮಾರು 87% ನೀರು, ಆರು ತಿಂಗಳವರೆಗೆ ಎಂಥ ಬಿಸಿಲಿಗೂ ಬೇರೆ ಬೇಕಿಲ್ಲ. ನೀರು ತುಂಬಿದ ಹೊಟ್ಟೆ ಹಾಲು ಬೇಡ ಅನ್ನುತ್ತೆ, ಜೊತೆಗೆ ಭೇದಿ ಅಪಾಯ. ಜೇನುತುಪ್ಪ: ಒಂದು ವರ್ಷದೊಳಗೆ ಬೇಡವೇ ಬೇಡ, ಬಾಟ್ಯುಲಿಸಂ ಅನ್ನೋ ಕಾಯಿಲೆಯ ಬೀಜಕಣ ಇರಬಹುದು. ಬಜೆ, ಗ್ರೈಪ್ ವಾಟರ್ ಎರಡೂ ಬೇಡ. ಕೊಡಬೇಕಾದ್ದು ಒಂದೇ, ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್. ಎದೆಹಾಲಿನಲ್ಲಿ ಅದು ಕಮ್ಮಿ ಇರುತ್ತೆ.

ಗ್ರಾಫ್_ಗಿರಾಕಿ
ಪ್ರವಚನ ಬೇಡ ಅಂದ್ರೂ ಒಂದು ಅಂಕಿ ಹಾಕ್ತೀನಿ, ಮನೆಯವರ ಬಾಯಿ ಮುಚ್ಚಿಸೋಕೆ ಬೇಕಾಗಬಹುದು. ಲಾಭ ಮಗುವಿಗೆ ಮಾತ್ರ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. 30 ದೇಶಗಳ 47 ಅಧ್ಯಯನಗಳನ್ನ ಒಟ್ಟುಮಾಡಿ 2002ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ವಿಶ್ಲೇಷಣೆ ಪ್ರಕಾರ, ಹಾಲುಣಿಸಿದ ಪ್ರತಿ 12 ತಿಂಗಳಿಗೆ ತಾಯಿಗೆ ಸ್ತನ ಕ್ಯಾನ್ಸರ್ ಅಪಾಯ 4.3% ಇಳಿಯುತ್ತೆ. ಅಂಡಾಶಯದ ಕ್ಯಾನ್ಸರ್, ಟೈಪ್ 2 ಸಕ್ಕರೆ ಕಾಯಿಲೆ ಕೂಡ ಕಮ್ಮಿ. ಮಗುವಿನ ಕಡೆ ಭೇದಿ, ನ್ಯುಮೋನಿಯಾ, ಕಿವಿ ಸೋಂಕು ಕಡಿಮೆ ಅನ್ನೋದಕ್ಕೆ ಪುರಾವೆ ಗಟ್ಟಿ. ಬುದ್ಧಿಮಟ್ಟ ಇಷ್ಟು ಏರುತ್ತೆ ಅನ್ನೋ ಪೋಸ್ಟರುಗಳನ್ನ ಮಾತ್ರ ಸ್ವಲ್ಪ ಹುಷಾರಾಗಿ ಓದಿ. ಓದಿದ, ಅನುಕೂಲಸ್ಥ ತಾಯಂದಿರು ಹೆಚ್ಚು ದಿನ ಕುಡಿಸೋ ದೇಶಗಳಲ್ಲಿ ಯಾವುದರ ಪರಿಣಾಮ ಯಾವುದು ಅಂತ ಬಿಡಿಸೋದು ಕಷ್ಟ.

ಸುಮ್ನಿರಲಾರದವ
ವರ್ಷ ಆದ್ಮೇಲೆ ಹಾಲು ಬರೀ ನೀರು, ಸತ್ವ ಇರಲ್ಲ ಅಂತಾರಲ್ಲ?

ಗ್ರಾಫ್_ಗಿರಾಕಿ
ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೂ ಬೇಕಾದ ಶಕ್ತಿಯ ಮೂರನೇ ಒಂದು ಭಾಗದವರೆಗೆ ಎದೆಹಾಲೇ ಕೊಡಬಲ್ಲದು. ನೀವು ಇನ್ನೊಂದು ಪ್ರಶ್ನೆ ಹಾಕೋಕೆ ಮುಂಚೆ: ನೆಗಡಿ ಬಂದ್ರೂ, ಮೊಸರು ತಿಂದ್ರೂ ಕುಡಿಸಬಹುದು.

ಜರ್ಸಿಸಿಟಿ_ಕನ್ನಡತಿ
ಅಮೆರಿಕದಲ್ಲಿರೋ ಕನ್ನಡದವರಿಗೆ: ಇಲ್ಲಿ ದೇಶಕ್ಕೆಲ್ಲ ಅನ್ವಯಿಸೋ ಸಂಬಳ ಸಹಿತ ಹೆರಿಗೆ ರಜೆ ಇಲ್ಲ, ಆದರೆ 2022ರ ಪಂಪ್ ಕಾಯ್ದೆ ಪ್ರಕಾರ ಒಂದು ವರ್ಷದವರೆಗೆ ಪಂಪಿಂಗ್ ಬಿಡುವು, ಶೌಚಾಲಯವಲ್ಲದ ಮರೆಯಾದ ಜಾಗ ಕೊಡಲೇಬೇಕು. ವಿಮೆ ಕಂಪನಿಗಳು ಸಾಮಾನ್ಯವಾಗಿ ಪಂಪನ್ನೂ ಕೊಡ್ತವೆ, ಹೆರಿಗೆಗೆ ಮುಂಚೆಯೇ ಕೇಳಿ. ನಿಮ್ಮ 26 ವಾರ ನೋಡಿ ಹೊಟ್ಟೆಕಿಚ್ಚು, ನಮ್ಮ ಪಂಪಿಂಗ್ ಕೋಣೆ ನೋಡಿ ನಿಮಗೆ.

ನೆರೆಮನೆ_ನಾಗು
ಹೆಚ್ಚು ಹಾಲಿದ್ದವರು ದಾನ ಮಾಡಬಹುದಾ? ಮಾರೋರೂ ಇದ್ದಾರಂತೆ.

ಎನ್‌ಐಸಿಯು_ಸಿಸ್ಟರ್
ದಾನ ಮಾಡಬಹುದು, ಮಾರಬಾರದು. ಎದೆಹಾಲಿನ ವ್ಯಾಪಾರಕ್ಕೆ ಅವಕಾಶ ಇಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೇಶದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಶುರು ಮಾಡಿದ್ದು. ಬೆಂಗಳೂರಲ್ಲಿ ವಾಣಿ ವಿಲಾಸ ಆಸ್ಪತ್ರೆಯಲ್ಲಿದೆ. ತಾಯಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನ 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಕೊಡ್ತಾರೆ. ವಾಟ್ಸಾಪ್ ಗುಂಪಲ್ಲಿ ಅವರಿವರಿಂದ ತಗೊಂಡು ಹಾಗೇ ಕುಡಿಸೋದು ಬೇಡ.

ಸಂಪಿಗೆಮರ
ಇಷ್ಟು ನಿರೀಕ್ಷೆ ಇರಲಿಲ್ಲ, ಎಲ್ಲರಿಗೂ ವಂದನೆ. ಎಚ್‌ಆರ್‌ಗೆ ಇವತ್ತೇ ಬರೀತೀನಿ. ಉಳಿದದ್ದು ಒಂದೇ: ಆರು ತಿಂಗಳು ತುಂಬೋಕೆ ಮುಂಚೆ ಆಫೀಸು ಶುರು ಆದ್ರೆ, ಹಗಲು ಮಾತ್ರ ರಾಗಿ ಸರಿ ಶುರು ಮಾಡಿ ಅಂತ ಒಬ್ಬರು ಹೇಳಿದ್ರು.

ಲೆಕ್ಕದ_ಲಲಿತಾ
ಬೇಡ, ಆರು ತುಂಬಲಿ. ತೆಗೆದ ಹಾಲು ಒಂದು ದಿನ 50 ಮಿ.ಲೀ. ಕಮ್ಮಿ ಬಿದ್ರೆ ಗಾಬರಿ ಆಗ್ಬೇಡಿ, ಮಗು ಹಗಲು ಕಮ್ಮಿ ಕುಡಿದು ರಾತ್ರಿ ನಿಮ್ಮ ಹತ್ರ ವಸೂಲಿ ಮಾಡುತ್ತೆ. ನಿದ್ದೆ ಹೋಗುತ್ತೆ, ಹಾಲು ಹೋಗಲ್ಲ. ಆರು ತಿಂಗಳ ಮೇಲೆ ಸರಿ ಕೊಡಿ, ಆದರೂ ಮೊದಲು ಹಾಲು.

ಎನ್‌ಐಸಿಯು_ಸಿಸ್ಟರ್
ನಿಜವಾಗಿಯೂ ತೂಕ ನಿಂತುಹೋದ್ರೆ ಡಾಕ್ಟರ್ ಹೇಳಿದಷ್ಟು ಡಬ್ಬಿ ಹಾಲು ಕೊಟ್ಟರೂ ತಪ್ಪಲ್ಲ. ಅದಕ್ಕಾಗಿ ಎದೆಹಾಲು ಪೂರ್ತಿ ಬಿಡೋದೇ ತಪ್ಪು. ಹಾಂ, ಈಸ್ಟ್ರೊಜೆನ್ ಇರೋ ಗರ್ಭನಿರೋಧಕ ಮಾತ್ರೆ, ಮೂಗು ಕಟ್ಟಿದಾಗ ನುಂಗೋ ಸ್ಯೂಡೋಎಫೆಡ್ರಿನ್ ಎರಡೂ ಹಾಲು ಇಳಿಸುತ್ತವೆ. ಮಾತ್ರೆ ಬರೆಸಿಕೊಳ್ಳೋವಾಗ ಹಾಲುಣಿಸ್ತಿದೀನಿ ಅಂತ ಹೇಳಿ.

ಧಾರವಾಡ_ಫೇಡೆ
ಒಳಲೆ ಸ್ಟೀಲಿಂದ ತಗೋಬೇಕೋ ಬೆಳ್ಳಿದೋ? ನಮ್ಮ ಕಡೆ ತೊಟ್ಟಿಲಿಗೆ ಬೆಳ್ಳಿದು ಉಡುಗೊರೆ ಕೊಡ್ತಾರ.

ಹಿರಿಯಜ್ಜಿ_ಮೈಸೂರು
ದಿನಾ ಕುದಿಸೋಕೆ ಸ್ಟೀಲಿಂದೇ ಇರಲಿ. ಮೂತಿಯ ಅಂಚು ಬೆರಳಲ್ಲಿ ಸವರಿ ನೋಡಿ ತಗೋ, ಚೂಪಿದ್ರೆ ಒಸಡು ಕುಯ್ಯುತ್ತೆ.